ಕೆಂಪು ಸೊನ್ನೆ

ತಮ್ಮನ ಬಲಗೈಯ ಎರಡು ಬೆರಳು ಹೋದ ಮರುದಿನ ಭಾವ ಆಸ್ಪತ್ರೆಗೆ ದಾಳಿಂಬೆ ತಂದರು. ಒಂದೇ ಕೈಯಲ್ಲಿ ಊಟ ಮಾಡಬೇಕಾದವನಿಗೆ ಬಿಡಿಸಿ ತಿನ್ನುವ ಹಣ್ಣು! ಅದನ್ನು ನೋಡಿಯೇ ನನ್ನ ಮೈ ಉರಿಯಿತು. ಆಗಿನ್ನೂ ನನಗೆ ಏನೂ ಗೊತ್ತಿರಲಿಲ್ಲ. ಬರೀ ದಾಳಿಂಬೆಗೇ ಅಷ್ಟು ಸಿಟ್ಟು ಬಂದಿತ್ತು ಎಂದರೆ ಮುಂದಿನದಕ್ಕೆ ಎಷ್ಟು ಬಂದಿರಬೇಕು, ನೀವೇ ಊಹಿಸಿಕೊಳ್ಳಿ.

ಭಾವ ಎಂದರೆ ನಮ್ಮ ದೊಡ್ಡಕ್ಕನ ಗಂಡ. ನಾನು ಕೆಲಸ ಮಾಡುವ ಕಚೇರಿಯ ಯಜಮಾನರೂ ಅವರೇ. ಯಂತ್ರ ತಯಾರಿಸುವವರು ತಮ್ಮ ಯಂತ್ರವನ್ನು ಹೇಗೆ ಬಿಚ್ಚಬೇಕು, ಹೇಗೆ ಜೋಡಿಸಬೇಕು ಎಂದು ಬರೆದು ಕಳಿಸುತ್ತಾರೆ. ನಾವು ಅದನ್ನು ಓದಲು ಬರುವಂಥ ಕೈಪಿಡಿಯಾಗಿ ಮಾಡಿಕೊಡುತ್ತೇವೆ. ತಮ್ಮ ಲಿಫ್ಟ್ ಮೆಕ್ಯಾನಿಕ್. ಅವನ ಕಂಪನಿಯ ಕೈಪಿಡಿಗಳು ನಮ್ಮ ಕಚೇರಿಯಿಂದಲೇ ಹೋಗುತ್ತವೆ. ಅವನು ಟ್ಯಾಬಿನಲ್ಲಿ ಓದುವ ಪುಟಗಳೆಲ್ಲ ನನ್ನ ಕೈ ದಾಟಿ ಬಂದವು. ಅದರ ಬಗ್ಗೆ ಅವನಿಗಿದ್ದ ಹೆಮ್ಮೆ ಸಣ್ಣದಲ್ಲ. "ನಮ್ ಸಣ್ಣಕ್ಕ ಮಾಡಿರೋ ಪುಸ್ತಕ" ಎಂದು ಜೊತೆಯವರಿಗೆಲ್ಲ ತೋರಿಸಿ ಅವರ ತಲೆ ತಿನ್ನುತ್ತಿದ್ದ.

ಬೇರೆ ಮೆಕ್ಯಾನಿಕ್‌ಗಳು ಅಭ್ಯಾಸಬಲದಿಂದ ಸ್ಪ್ಯಾನರ್ ಹಾಕಿದರೆ, ಇವನು ಮೋಟರಿನ ಪಕ್ಕದಲ್ಲಿ ಟ್ಯಾಬ್ ನಿಲ್ಲಿಸಿ, ಒಂದೊಂದು ಹಂತವನ್ನೂ ಗಟ್ಟಿಯಾಗಿ ಓದಿ, ಆಮೇಲೆ ಕೈ ಹಾಕುವವನು. ಅದಕ್ಕೇ ಎಲ್ಲರೂ ಅವನನ್ನು 'ಮೇಷ್ಟ್ರು' ಎಂದು ಕರೆಯುವುದು. ಚಿಕ್ಕಂದಿನಲ್ಲೂ ಹಾಗೇ ಇದ್ದ. ಆಟದ ಸಾಮಾನು ತಂದುಕೊಟ್ಟರೆ ಮೊದಲು ಡಬ್ಬಿಯ ಮೇಲೆ ಬರೆದದ್ದನ್ನು ಓದುತ್ತಿದ್ದ. ಅಂಥವನು ಓದದೆ ಕೈ ಹಾಕಿದ ಎಂದು ನನಗೆ ಯಾರಾದರೂ ಹೇಳಿದರೆ, ಹೇಳಿದವರ ಮುಖವನ್ನೇ ನಾನು ಮೊದಲು ನೋಡುವುದು.

ಆಸ್ಪತ್ರೆಯಲ್ಲಿ ಹೇಳಿದ್ದು ಲಿಫ್ಟ್ ಕಂಪನಿಯ ಸುರಕ್ಷತೆ ನೋಡಿಕೊಳ್ಳುವ ಮೇಡಂ. ಬಿಗಿಯಾಗಿ ಕಟ್ಟಿದ ಕೂದಲು, ಅಷ್ಟೇ ಬಿಗಿಯಾದ ಮುಖ. ಭಾವ ಇನ್ನೂ ಹಣ್ಣಿನ ಚೀಲ ಇಡಲು ಜಾಗ ಹುಡುಕುತ್ತಿದ್ದಾಗ ಅವರು ಒಳಗೆ ಬಂದು, ಸ್ಟೂಲು ಎಳೆದು ಕೂತು, ತಮ್ಮನ ಟ್ಯಾಬನ್ನು ಅವನ ತೊಡೆಯ ಮೇಲಿಟ್ಟರು.

"ಹೊಸ ಮಾಡೆಲ್‌ದು ಬ್ರೇಕ್. ಮುಚ್ಚಳ ಬಿಚ್ಚೋ ಮುಂಚೆ ಲಾಕ್ ಪಿನ್ ಹಾಕ್ಲಿಲ್ವಾ?"

"ಯಾವ ಪಿನ್ ಮೇಡಂ?"

"ಓದಿ."

ತಮ್ಮ ಓದಿದ. ಅವನಿಗೆ ಗಟ್ಟಿಯಾಗಿ ಓದುವುದಷ್ಟೇ ಬರುವುದು. ಪಕ್ಕದ ಹಾಸಿಗೆಯವರೂ ತಿರುಗಿ ನೋಡಿದರು. "ಮುಚ್ಚಳದ ಬೋಲ್ಟು ಸಡಿಲಿಸುವ ಮೊದಲು ಲಾಕ್ ಪಿನ್ ಹಾಕಿ. ಪಿನ್ ಇಲ್ಲದೆ ಬಿಚ್ಚಿದರೆ ಸ್ಪ್ರಿಂಗ್ ಸಿಡಿದು ಕೈಗೆ ಬಡಿಯುತ್ತದೆ."

ಓದಿ ಮುಗಿಸಿ ಅವನು ಟ್ಯಾಬನ್ನು ಹಾವು ನೋಡಿದವನ ಹಾಗೆ ನೋಡಿದ. "ಇದು ಇರ್ಲಿಲ್ಲ."

"ಟ್ಯಾಬ್ ನಿಮ್ಮದೇ ತಾನೆ?"

"ನನ್ನದೇ. ಆದ್ರೆ ಈ ಸಾಲು ಇರ್ಲಿಲ್ಲ ಮೇಡಂ. ನಾನು ಓದ್ಕೊಂಡೇ ಮಾಡಿದ್ದು."

"ನಿಮ್ಮ ಜೊತೆಗಾರ ಕೆಳಗೆ ಮೆಟ್ಟಿಲ ಹತ್ತಿರ ಇದ್ದನಂತೆ. ನೀವು ಏನೋ ಓದ್ತಿದ್ದದ್ದು ಕೇಳಿಸ್ತು, ಏನು ಅಂತ ಗೊತ್ತಿಲ್ಲ ಅಂದ. ಸೋಮವಾರ ವಿಚಾರಣೆ ಇದೆ. ಎಚ್ಚರಿಕೆ ಇದ್ದೂ ಬಿಟ್ಟಿದೀರ ಅಂತಾದ್ರೆ ಲೈಸೆನ್ಸ್ ರದ್ದಾಗುತ್ತೆ. ಮತ್ತೆ ಯಾವ ಲಿಫ್ಟನ್ನೂ ನೀವು ಮುಟ್ಟೋ ಹಾಗಿಲ್ಲ." ಅವರ ದನಿಯಲ್ಲಿ ದ್ವೇಷವೇನೂ ಇರಲಿಲ್ಲ. ಅದು ಇನ್ನೂ ಕಷ್ಟ. ಜಗಳ ತೆಗೆಯಲೂ ಆಗುವುದಿಲ್ಲ.

ಭಾವ ತಮ್ಮನ ಭುಜ ಸವರಿದರು. "ಇರ್ಲಿ ಬಿಡಪ್ಪ. ಕಣ್ಣು ತಪ್ಪಿರುತ್ತೆ. ಮನುಷ್ಯ ಅಂದ್ಮೇಲೆ ಆಗುತ್ತೆ."

ಮೇಡಂ ಹೋದ ಮೇಲೆ ತಮ್ಮ ಆ ಸಾಲನ್ನು ಎಡಗೈಯ ಬೆರಳಿನಿಂದ ಮತ್ತೆ ಮತ್ತೆ ಸವರಿ ನೋಡಿದ. ಆಮೇಲೆ ನನ್ನನ್ನು ಕೇಳಿದ: "ಸಣ್ಣಕ್ಕಾ, ನಾನೇ ನೋಡ್ಲಿಲ್ವೇನೋ ಅಲ್ವಾ?"

ಬೆರಳು ಹೋದಾಗ ಅಳದವನು ಆ ಪ್ರಶ್ನೆ ಕೇಳುವಾಗ ಅತ್ತ. ನಾನು ಅವನ ತೊಡೆಯ ಮೇಲಿದ್ದ ಟ್ಯಾಬ್ ತೆಗೆದುಕೊಂಡೆ. ಹಾಗೆ ಕೈಗೆತ್ತಿಕೊಂಡ ಮೇಲೆ ಕಣ್ಣಿಗೆ ಬಿತ್ತು. ಆ ಎಚ್ಚರಿಕೆಯ ಸುತ್ತ ಒಂದು ಪೆಟ್ಟಿಗೆ ಇತ್ತು. ಬೂದು ಬಣ್ಣದ ಗೆರೆ, ಅಕ್ಷರಗಳು ಗೆರೆಗೆ ಅಂಟಿಕೊಂಡಿವೆ, ಬಲಗಡೆ ಪುಟದ ಅಂಚು ಮೀರಿ ಹೋಗಿದೆ. ನನ್ನ ಎಚ್ಚರಿಕೆಯ ಪೆಟ್ಟಿಗೆ ಹಾಗಿರುವುದಿಲ್ಲ. ಎಡಗಡೆ ಹಳದಿ ಪಟ್ಟಿ, ಒಳಗೆ ಉಸಿರಾಡುವಷ್ಟು ಜಾಗ, ಅಂಚು ನೆಟ್ಟಗೆ. ಸತ್ತರೂ ನಾನು ಅಂಥ ಕೊಳಕು ಪೆಟ್ಟಿಗೆ ಮಾಡುವವಳಲ್ಲ.

"ನೀನು ಅಳೋದು ನಿಲ್ಸು," ಎಂದೆ ತಮ್ಮನಿಗೆ. "ಇದು ನನ್ನ ಕೆಲಸ ಅಲ್ಲ." ಭಾವ ಆಗಲೇ ಕಾರಿಡಾರಿನಲ್ಲಿ ಫೋನಿನಲ್ಲಿ ಮಾತಾಡುತ್ತ ಹೊರಟುಹೋಗಿದ್ದರು.

ನನ್ನ ಕೆಲಸ ಏನೆಂದು ಸ್ವಲ್ಪ ಹೇಳಲೇಬೇಕು, ಇಲ್ಲದಿದ್ದರೆ ನನ್ನ ಸಿಟ್ಟು ನಿಮಗೆ ಅರ್ಥವಾಗುವುದಿಲ್ಲ. ಲಿಫ್ಟ್ ಕಂಪನಿಯವರು ಕಳಿಸುವುದು ಎಕ್ಸ್‌ಎಂಎಲ್ ಎನ್ನುವ ಬಗೆಯ ಫೈಲು. ಅದರಲ್ಲಿ ಪ್ರತಿ ಮಾತಿಗೂ ಒಂದು ಟ್ಯಾಗ್, ಅಂದರೆ ಹೆಸರಿನ ಚೀಟಿ, ಅಂಟಿಸಿರುತ್ತಾರೆ: ಇದು ತಲೆಬರಹ, ಇದು ಹಂತ, ಇದು ಎಚ್ಚರಿಕೆ. ಅದನ್ನು ಪುಟವಾಗಿ ಬದಲಾಯಿಸುವುದು ಸ್ಟೈಲ್‌ಶೀಟ್. ಈ ಚೀಟಿ ಬಂದರೆ ದಪ್ಪ ಅಕ್ಷರ, ಆ ಚೀಟಿ ಬಂದರೆ ಸುತ್ತ ಪೆಟ್ಟಿಗೆ ಎಂದು ಒಂದೊಂದು ಟ್ಯಾಗಿಗೂ ಒಂದೊಂದು ನಿಯಮ. ಆ ನಿಯಮಗಳನ್ನು ಬರೆಯುವವಳು ನಾನು.

ತೊಂದರೆ ಶುರುವಾಗುವುದು ನಿಯಮವೇ ಇಲ್ಲದ ಟ್ಯಾಗ್ ಬಂದಾಗ. ಬರೆಯುವವರಿಗೇನು, ಒಂದು ಬೆಳಗ್ಗೆ ಎದ್ದು ಹೊಸ ಟ್ಯಾಗ್ ಹುಟ್ಟಿಸುತ್ತಾರೆ, ನಮಗೆ ಒಂದು ಮಾತು ಹೇಳುವುದಿಲ್ಲ. ಸ್ಟೈಲ್‌ಶೀಟಿಗೆ ನಾವೇನೂ ಹೇಳದಿದ್ದರೆ ಅದು ಚೀಟಿಯನ್ನು ಬಿಸಾಕಿ ಒಳಗಿನ ಮಾತನ್ನು ಹಾಗೇ ಪುಟದ ಮೇಲೆ ಸುರಿಯುತ್ತದೆ. ನೋಡಲು ಅಸಹ್ಯ, ಆದರೆ ಮಾತು ಉಳಿದಿರುತ್ತದೆ. ಅದು ಎದ್ದು ಕಾಣಲಿ ಎಂದು ನಾನು ಕೊನೆಗೊಂದು ನಿಯಮ ಸೇರಿಸಿದ್ದೆ: ಗುರುತಿಲ್ಲದ ಟ್ಯಾಗ್ ಯಾವುದೇ ಬರಲಿ, ಅದರ ಮಾತನ್ನು ಕೆಂಪು ಅಕ್ಷರದಲ್ಲಿ ತೋರಿಸು, ಪಕ್ಕದಲ್ಲಿ ಅದರ ಹೆಸರು ಹಾಕು. ಕೆಂಪು ಕಂಡರೆ ಲಿಫ್ಟ್ ಕಂಪನಿಗೆ ಫೋನ್ ಮಾಡಿ ಇದೇನು ಎಂದು ಕೇಳಬೇಕು, ಅದಕ್ಕೊಂದು ನಿಯಮ ಬರೆಯಬೇಕು. ಇದೇ ನಮ್ಮ ಪದ್ಧತಿಯಾಗಿತ್ತು.

ಭಾವನಿಗೆ ಕೆಂಪು ಕಂಡರಾಗದು. ಮೀಟಿಂಗ್ ಕೋಣೆಯ ಬಿಳಿ ಬೋರ್ಡಿನ ಮೇಲೆ 'ಕೆಂಪು' ಎಂದು ಬರೆಸಿ, ಮುಂದೆ ದಿನವೂ ಸಂಖ್ಯೆ ಹಾಕಿಸುವರು. ಸೊನ್ನೆಯಾದ ದಿನ ಎಲ್ಲರಿಗೂ ಕೇಕು. ಬಂದ ಗಿರಾಕಿಗಳಿಗೆ ಆ ಸೊನ್ನೆಯನ್ನು ಮಗನ ಅಂಕಪಟ್ಟಿಯ ಹಾಗೆ ತೋರಿಸುವರು. ಕೆಂಪು ಇಲ್ಲ ಎಂದರೆ ಪ್ರಶ್ನೆ ಇಲ್ಲ ಎಂದಷ್ಟೇ ಅಲ್ಲ, ಯಾರೂ ಪ್ರಶ್ನೆ ಕೇಳಲಿಲ್ಲ ಎಂದೂ ಆಗಬಹುದು ಎಂದು ನಾನೊಮ್ಮೆ ಹೇಳಿದ್ದಕ್ಕೆ, "ನಿನ್ನದು ಯಾವಾಗ್ಲೂ ಅಪಶಕುನ" ಎಂದು ನಕ್ಕಿದ್ದರು.

ಆಸ್ಪತ್ರೆಯಿಂದ ಸೀದಾ ಕಚೇರಿಗೆ ಹೋದೆ. ಡೆಲಿವರಿ ದಿನ, ಅಂದರೆ ಹೊಸ ಮಾದರಿಯ ಕೈಪಿಡಿಯನ್ನು ಮುಗಿಸಿ ಒಪ್ಪಿಸಬೇಕಾದ ದಿನ, ಲಿಫ್ಟ್ ಕಂಪನಿ ಕಳಿಸಿದ ಫೈಲನ್ನು ಸರ್ವರಿನಲ್ಲಿ ತೆರೆದೆ. ನಾನು ಪರೀಕ್ಷೆ ಮಾಡಿದ್ದು ಹಿಂದಿನ ದಿನ ಬಂದದ್ದನ್ನು. ಅದರಲ್ಲಿ ಕೆಂಪು ಇರಲಿಲ್ಲ. ಡೆಲಿವರಿ ದಿನ ಮಧ್ಯಾಹ್ನ ಅಮ್ಮನನ್ನು ಕಣ್ಣಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿದ್ದೆ. ಅದೇ ಮಧ್ಯಾಹ್ನ ಅವರು ತಿದ್ದಿದ ಫೈಲು ಕಳಿಸಿದ್ದರು. ಅದರಲ್ಲಿ ಬ್ರೇಕಿನ ಅಧ್ಯಾಯದಲ್ಲಿ ನಾನೆಂದೂ ನೋಡದ ಟ್ಯಾಗ್ ಒಂದು ಕೂತಿತ್ತು: 'ಲಾಕ್-ಫಸ್ಟ್'. ಮಾಮೂಲಿ ಎಚ್ಚರಿಕೆಗಳನ್ನು ಜನ ಓದದೆ ಬಿಡುತ್ತಾರೆ ಎಂದು, ಈ ಮಾತು ಎಲ್ಲಕ್ಕಿಂತ ಎದ್ದು ಕಾಣಲಿ ಎಂದು, ಅಲ್ಲಿನ ಯಾರೋ ಪುಣ್ಯಾತ್ಮರು ಅದಕ್ಕೆಂದೇ ಹೊಸ ಹೆಸರು ಕೊಟ್ಟಿದ್ದರು. ಎದ್ದು ಕಾಣಲಿ ಎಂದು ಮಾಡಿದ್ದೇ ಮಾಯವಾಗಲು ಕಾರಣವಾಗಿತ್ತು.

ಆದರೆ ನನ್ನ ಸ್ಟೈಲ್‌ಶೀಟಿನಿಂದ ಅದು ಮಾಯವಾಗುವುದು ಸಾಧ್ಯವಿರಲಿಲ್ಲ, ಕೆಂಪಾಗಿ ಬರಬೇಕಿತ್ತು. ಹಾಗಾದರೆ? ಡೆಲಿವರಿಗೆಂದೇ ಭಾವ ಒಂದು ಪುಟ್ಟ ಫೈಲು ಇಟ್ಟುಕೊಂಡಿದ್ದರು, ಗಿರಾಕಿಯ ಲಾಂಛನ, ಅಡಿಬರಹ ಹಾಕುವುದಕ್ಕೆ. ನನ್ನ ನಿಯಮಗಳನ್ನೆಲ್ಲ ಒಳಗೆ ಕರೆದುಕೊಂಡು ಮೇಲೆ ತನ್ನದಿಷ್ಟು ಸೇರಿಸುವ ಫೈಲು. ಲಾಂಛನದಲ್ಲಿ ನನಗೇನು ಕೆಲಸ, ಅದನ್ನು ನಾನು ತೆರೆದವಳೇ ಅಲ್ಲ. ಈಗ ತೆರೆದೆ.

ಅಲ್ಲಿತ್ತು. ಗುರುತಿಲ್ಲದ ಟ್ಯಾಗ್ ಏನೇ ಬಂದರೂ ಏನೂ ಮಾಡಬೇಡ, ಒಳಗಿನ ಮಾತನ್ನೂ ತೋರಿಸಬೇಡ ಎನ್ನುವ ಒಂದು ಖಾಲಿ ನಿಯಮ, ನನ್ನ ಕೆಂಪು ನಿಯಮಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲೆ. ಎರಡು ನಿಯಮ ಎದುರಾದರೆ ಮೇಲಿನ ಮೆಟ್ಟಿಲಿನದೇ ನಡೆಯುವುದು. ಪಕ್ಕದಲ್ಲಿ ಭಾವನೇ ಬರೆದ ಟಿಪ್ಪಣಿ: 'ಕಸದಬುಟ್ಟಿ'. ಅದರ ಮೇಲೆ ಇನ್ನೊಂದು ನಿಯಮ, ಹೊಸದು: 'ಲಾಕ್-ಫಸ್ಟ್' ಬಂದರೆ ಬೂದು ಗೆರೆಯ ಪೆಟ್ಟಿಗೆ. ಫೈಲಿನ ತಾರೀಖು ನೋಡಿದರೆ ಆ ನಿಯಮ ಸೇರಿಸಿದ್ದು ತಮ್ಮನಿಗೆ ಪೆಟ್ಟಾದ ದಿನದ ಸಾಯಂಕಾಲ. ಕೈಪಿಡಿಯ ನಂಬರು ಹಳೆಯದೇ, ಒಳಗಿನ ಪುಟ ಮಾತ್ರ ಹೊಸದು. ಟ್ಯಾಬ್ ಅದನ್ನು ತಾನಾಗಿಯೇ ಎಳೆದುಕೊಂಡಿತ್ತು.

ಎರಡು ನಿಮಿಷ ತಡೆದು ಆ ಫೈಲುಗಳನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿಕೊಂಡಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಸಿಟ್ಟು ಬಂದಾಗ ನನ್ನ ಕಾಲು ತಲೆಗಿಂತ ಮುಂದಿರುತ್ತದೆ. ಭಾವ ಆಗ ತಾನೇ ಬಂದು ಕೂತಿದ್ದರು. ಅವರ ಕ್ಯಾಬಿನ್ನಿನ ಬಾಗಿಲನ್ನು ನಾನು ತಟ್ಟಲಿಲ್ಲ.

"ಕಸದಬುಟ್ಟಿ ಅಂತ ಬರೆದಿದೀರಲ್ಲ ಭಾವ, ಅದರೊಳಗೆ ಏನು ಬಿತ್ತು ನೋಡಿದ್ರಾ?"

ಅವರು ಎದ್ದು ಬಾಗಿಲು ಹಾಕಿದರು. "ಕೂತ್ಕೋ."

"ನಿಂತೇ ಇರ್ತೀನಿ."

"ಡೆಲಿವರಿ ದಿನ ಹೊಸ ಫೈಲ್ ಕಳಿಸಿದ್ರು. ನೀನಿರ್ಲಿಲ್ಲ. ಕೆಂಪು ಕಂಡ್ರೆ ಅವರು ತಗೊಳ್ಳಲ್ಲ. ಸಾಯಂಕಾಲದೊಳಗೆ ಕೊಡಬೇಕು. ನಾನೇನು ಮಾಡ್ಲಿ?"

"ನನಗೊಂದು ಫೋನ್ ಮಾಡ್ಬೇಕಿತ್ತು. ಅವರಿಗೊಂದು ಫೋನ್ ಮಾಡ್ಬೇಕಿತ್ತು. ಹೋಗ್ಲಿ, ಏನೂ ಮಾಡದೆ ಕೈಕಟ್ಟಿ ಕೂತಿದ್ರೂ ಸಾಕಿತ್ತು! ಸ್ಟೈಲ್‌ಶೀಟ್ ಅದರ ಪಾಡಿಗೆ ಅದು ಆ ಮಾತನ್ನ ಪುಟದ ಮೇಲೆ ತಂದು ಹಾಕ್ತಿತ್ತು. ಅಡ್ಡಾದಿಡ್ಡಿಯಾಗಿ ಇರ್ತಿತ್ತು, ಆದ್ರೆ ಇರ್ತಿತ್ತು. ಅವನು ಓದ್ತಿದ್ದ. ಕಷ್ಟಪಟ್ಟು, ಕೂತು, ಒಂದು ನಿಯಮ ಬರೆದು ಅದನ್ನ ಅಳಿಸಿದೀರಿ ಭಾವ."

"ಸರಿಮಾಡಿದೀನಲ್ಲ. ಇನ್ಮೇಲೆ ಯಾರಿಗೂ ಆಗಲ್ಲ."

"ಸರಿಮಾಡಿದ್ರಾ? ಮೊದಲಿಂದ್ಲೂ ಇತ್ತು ಅನ್ನೋ ಹಾಗೆ ತುರುಕಿದೀರಿ. ಅವನಿಗೆ ತನ್ನ ಕಣ್ಣಿನ ಮೇಲೇ ನಂಬಿಕೆ ಹೋಗಿದೆ. 'ಕಣ್ಣು ತಪ್ಪಿರುತ್ತೆ ಬಿಡಪ್ಪ' ಅಂದ್ರಲ್ಲ, ಹೇಗೆ ಬಾಯಿ ಬಂತು ನಿಮಗೆ?"

ಭಾವನ ಮುಖದಲ್ಲಿ ಒಂದು ಕ್ಷಣ ಏನೋ ಅಲುಗಿತು, ಆಮೇಲೆ ಗಟ್ಟಿಯಾಯಿತು. "ಈಗ ಹೇಳಿದ್ರೆ ಈ ಕಚೇರಿಗೆ ಬೀಗ. ನಿನ್ನ ಅಕ್ಕ ಬೀದಿಗೆ ಬರ್ತಾಳೆ."

"ಅವನ ಲೈಸೆನ್ಸ್ ಹೋಗುತ್ತೆ."

"ಎರಡು ಬೆರಳಿಲ್ದೆ ಲೈಸೆನ್ಸ್ ಇಟ್ಕೊಂಡು ಅವನೇನು ಮಾಡ್ತಾನೆ?"

ಮೇಜಿನ ಮೇಲೆ ಅವರ ನೀರಿನ ಲೋಟ ಇತ್ತು. ಎತ್ತಿದೆ. ಎಸೆಯಬೇಕೆಂದೇ ಎತ್ತಿದ್ದು. ಭಾವ ತಲೆ ಬಗ್ಗಿಸಿದ್ದನ್ನು ನೋಡಿ, ಅದನ್ನು ಪೂರ್ತಿ ಕುಡಿದು ಇಟ್ಟು ಹೊರಗೆ ಬಂದೆ. ನನ್ನ ಜಾಗಕ್ಕೆ ಬಂದು ಕೂರುವಷ್ಟರಲ್ಲಿ ನನ್ನ ಪಾಸ್‌ವರ್ಡ್ ಕೆಲಸ ಮಾಡುತ್ತಿರಲಿಲ್ಲ.

ತಮ್ಮ ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಭಾನುವಾರ, ದೊಡ್ಡಕ್ಕ ಬಂದಳು. ಅಮ್ಮ ಹಜಾರದಲ್ಲಿ ತಮ್ಮನಿಗೆ ಆ ದಾಳಿಂಬೆಯನ್ನು ಬಿಡಿಸಿ ಬಟ್ಟಲಿಗೆ ಹಾಕುತ್ತಿದ್ದಳು. ದೊಡ್ಡಕ್ಕ ನನ್ನನ್ನು ಅಡುಗೆಮನೆಗೆ ಎಳೆದುಕೊಂಡು ಹೋದಳು. ಅವಳು ಆ ಕಚೇರಿಯ ಲೆಕ್ಕಪತ್ರ ನೋಡುವವಳು. ಟ್ಯಾಗು ಗೀಗು ಅವಳಿಗೆ ಬೇಡ. ಕಣ್ಣಿನ ಕೆಳಗೆ ಕಪ್ಪು ಕಟ್ಟಿತ್ತು.

"ನೋಡೇ, ಅವರಿಂದ ಏನೋ ಸಣ್ಣ ತಪ್ಪಾಗಿದೆಯಂತೆ. ಹೊಟ್ಟೆಗೆ ಹಾಕ್ಕೋ. ತಮ್ಮನಿಗೆ ನಮ್ಮ ಕಚೇರೀಲೇ ಕೆಲಸ ಕೊಡ್ತೀವಿ. ತಣ್ಣಗೆ ಕೂತ್ಕೊಂಡು ಮಾಡೋ ಕೆಲಸ."

"ಅವನು ತಣ್ಣಗೆ ಕೂರೋನಾ? ಧಗೆ ಹೊಡೆಯೋ ಮೋಟರ್ ರೂಮಲ್ಲಿ ನಿಂತು ಸ್ಕ್ರೂ ಎಣಿಸೋದ್ರಲ್ಲೇ ಅವನಿಗೆ ಸುಖ. ನಿನ್ನ ಗಂಡ ಆ ಸಾಲನ್ನ ಅಳಿಸಿದ್ರು ದೊಡ್ಡಕ್ಕಾ. ಆಮೇಲೆ, ಇವನು ಆಸ್ಪತ್ರೇಲಿ ಮಲಗಿರೋವಾಗ, ಅವತ್ತು ಸಾಯಂಕಾಲ, ಕೂತ್ಕೊಂಡು ವಾಪಸ್ ಸೇರಿಸಿದ್ರು. ಇವನು ಸುಳ್ಳ ಅನ್ನಿಸ್ಕೊಳ್ಳಲಿ ಅಂತ."

ದೊಡ್ಡಕ್ಕ ಏನೋ ಹೇಳಲು ಬಾಯಿ ತೆರೆದಳು. "ಅವತ್ತು ಸಾಯಂಕಾಲವಾ?" ಎಂದಳು. ಆಮೇಲೆ ಒಲೆಯ ಕಟ್ಟೆಯನ್ನು ಸೆರಗಿನ ತುದಿಯಿಂದ ಒರೆಸತೊಡಗಿದಳು. ಒರೆಸುವಂಥದ್ದು ಅಲ್ಲೇನೂ ಇರಲಿಲ್ಲ.

ತಿರುಗಿ ನೋಡಿದರೆ ತಮ್ಮ ಬಾಗಿಲಲ್ಲಿ ನಿಂತಿದ್ದ, ಬ್ಯಾಂಡೇಜಿನ ಕೈಯನ್ನು ಎದೆಗೆ ಆನಿಸಿಕೊಂಡು. ನಮ್ಮ ಮನೆಯ ಅಡುಗೆಮನೆಯಲ್ಲಿ ಗುಟ್ಟು ನಿಲ್ಲುವುದಿಲ್ಲ, ಅಷ್ಟು ಚಿಕ್ಕದು.

"ಹಾಗಾದ್ರೆ ಆ ಸಾಲು ಇರ್ಲಿಲ್ಲ," ಎಂದ.

"ಇರ್ಲಿಲ್ಲ ಕಣೋ."

"ನಾನು ಓದಿದ್ದೆ."

"ಓದಿದ್ದೆ."

ಅವನು ಒಂದು ದೊಡ್ಡ ಉಸಿರು ಬಿಟ್ಟ. ಭಾವನನ್ನು ಬಯ್ಯುತ್ತಾನೆ ಎಂದುಕೊಂಡೆ, ನಾನಾದರೆ ಬಯ್ಯುತ್ತಿದ್ದೆ, ಬೀದಿಗೆಲ್ಲ ಕೇಳುವ ಹಾಗೆ. ಅವನು ಹೋಗಿ ಅಮ್ಮನ ಪಕ್ಕ ಕೂತು ದಾಳಿಂಬೆ ತಿಂದ. ಎಡಗೈಯಲ್ಲಿ ಕಾಳು ಕಾಳಾಗಿ ಹೆಕ್ಕಿ ತಿಂದ. ಅದನ್ನು ನೋಡಿ ನನಗೆ ಅಳು ಬಂತು. ಅಳು ಬಂದದ್ದಕ್ಕೆ ಇನ್ನಷ್ಟು ಸಿಟ್ಟು ಬಂತು.

ಕೈಪಿಡಿಯ ಪ್ರಶ್ನೆಯೇ ಆದ್ದರಿಂದ ಸೋಮವಾರದ ವಿಚಾರಣೆ ನಡೆದದ್ದು ನಮ್ಮ ಕಚೇರಿಯ ಮೀಟಿಂಗ್ ಕೋಣೆಯಲ್ಲೇ. ನನ್ನನ್ನು ಯಾರೂ ಕರೆದಿರಲಿಲ್ಲ. ಕೈಗೆ ಪೆಟ್ಟಾದವನಿಗೆ ಬಾಗಿಲು ತೆರೆಯಲು ಒಬ್ಬರು ಬೇಡವೇ? ಲ್ಯಾಪ್‌ಟಾಪ್ ಚೀಲ ಹೆಗಲಿಗೆ ಹಾಕಿಕೊಂಡು ತಮ್ಮನ ಜೊತೆ ಹೋದೆ. ಬೋರ್ಡಿನ ಮೇಲೆ ಕೆಂಪು: ಸೊನ್ನೆ. ಅದರ ಕೆಳಗೇ ಭಾವ ಕೂತಿದ್ದರು.

ಮೇಡಂ ಟ್ಯಾಬ್ ತೆರೆದು ಪೆಟ್ಟಿಗೆಯನ್ನು ತೋರಿಸಿ ಮತ್ತೆ ಅದೇ ಪ್ರಶ್ನೆ ಕೇಳಿದರು. ತಮ್ಮ ಈ ಸಲ ತಡವರಿಸಲಿಲ್ಲ. "ನಾನು ಓದಿದಾಗ ಈ ಸಾಲು ಇರ್ಲಿಲ್ಲ."

ಭಾವ ನಿಟ್ಟುಸಿರುಬಿಟ್ಟರು, ಪಾಪ ಎನ್ನುವ ಹಾಗೆ. "ನಮ್ಮ ಕಡೆಯಿಂದ ಹೋಗಿರೋದು ಪಕ್ಕಾ ಇದೆ ಮೇಡಂ. ಡೆಲಿವರಿಯಲ್ಲಿ ಒಂದೂ ಕೆಂಪಿಲ್ಲ."

"ಅವತ್ತು ನೀವು ಕಳಿಸಿದ ಮೂಲ ಫೈಲ್ ನಿಮ್ಮ ಹತ್ರ ಇದೆಯಾ ಮೇಡಂ?" ಎಂದು ನಾನು ಕೇಳಿದೆ. "ಇದ್ರೆ ಕೊಡಿ. ಸ್ಟೈಲ್‌ಶೀಟ್ ಬರೆಯೋಳು ನಾನು. ಇಲ್ಲೇ ನಿಮ್ಮೆದುರಿಗೇ ಓಡಿಸ್ತೀನಿ."

"ಇವಳಿಗೆ ತಮ್ಮನ ಮೇಲಿನ ಮಮತೆ, ಏನೇನೋ ಮಾತಾಡ್ತಾಳೆ," ಎಂದರು ಭಾವ. "ಇವಳೀಗ ಈ ಕೆಲಸದಲ್ಲೂ ಇಲ್ಲ."

ಓಹೋ, ಕೆಲಸ ಹೋದದ್ದು ನನಗೆ ಗೊತ್ತಾದದ್ದು ಆಗಲೇ! ಮೇಡಂ ಭಾವನನ್ನೊಮ್ಮೆ ನೋಡಿದರು, ನನ್ನನ್ನೊಮ್ಮೆ ನೋಡಿದರು. ತಾವು ತಂದಿದ್ದ ಲ್ಯಾಪ್‌ಟಾಪಿನಿಂದ ಫೈಲನ್ನು ಪೆನ್‌ಡ್ರೈವಿಗೆ ಹಾಕಿ ಮೇಜಿನ ಮೇಲೆ ನನ್ನ ಕಡೆಗೆ ತಳ್ಳಿದರು.

ಭಾವನ ಡೆಲಿವರಿ ಫೈಲಿಲ್ಲದೆ, ಕಸದಬುಟ್ಟಿಯಿಲ್ಲದೆ, ನನ್ನ ಲ್ಯಾಪ್‌ಟಾಪಿನಲ್ಲಿ ಮೊದಲಿನಿಂದಲೂ ಇದ್ದ ಬರೀ ನನ್ನ ನಿಯಮಗಳಿಂದ ಓಡಿಸಿದೆ. ಪುಟಗಳು ಗೋಡೆಯ ಪರದೆಯ ಮೇಲೆ ಮೂಡಿದವು. ಬ್ರೇಕಿನ ಅಧ್ಯಾಯಕ್ಕೆ ಹೋದೆ. ಪೆಟ್ಟಿಗೆ ಇರಲಿಲ್ಲ. ಅದು ಇರಬೇಕಾದ ಜಾಗದಲ್ಲಿ ಕೆಂಪು ಅಕ್ಷರದಲ್ಲಿ ಲಾಕ್ ಪಿನ್ನಿನ ಮಾತು, ಪಕ್ಕದಲ್ಲಿ 'ಲಾಕ್-ಫಸ್ಟ್: ಗುರುತಿಲ್ಲ'.

"ನನ್ನ ನಿಯಮಗಳಿಗೆ ಈ ಟ್ಯಾಗ್ ಗೊತ್ತೇ ಇಲ್ಲ ಮೇಡಂ. ಇದು ಹೀಗೆ ಕೆಂಪಾಗಿ ಬರಬೇಕಿತ್ತು. ಬರದೇ ಇರೋ ಹಾಗೆ ಇವರು ಮಾಡಿದ್ರು. ಟ್ಯಾಬಲ್ಲಿರೋ ಪೆಟ್ಟಿಗೆ ಯಾವಾಗ ಹುಟ್ಟಿತು ಅಂತ ಇವರನ್ನೇ ಕೇಳಿ."

ಮೇಡಂ ಭಾವನ ಕಡೆ ತಿರುಗಿದರು. "ಯಾವಾಗ?"

ಉತ್ತರ ಬಂದದ್ದು ಬಾಗಿಲಿನಿಂದ. ದೊಡ್ಡಕ್ಕ ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದಳು, ಎಷ್ಟು ಹೊತ್ತಿನಿಂದಲೋ.

"ಅವತ್ತು ಸಾಯಂಕಾಲ ಮೇಡಂ. ಇವನಿಗೆ ಹೀಗಾಗಿದೆ ಅಂತ ಫೋನ್ ಬಂದ ಮೇಲೆ. ಬನ್ನಿ ಆಸ್ಪತ್ರೆಗೆ ಹೋಗೋಣ ಅಂತ ನಾನು ಚಪ್ಪಲಿ ಹಾಕ್ಕೊಂಡು ನಿಂತಿದ್ದೆ. ಒಂದು ಸಣ್ಣ ಕೆಲಸ, ನೀನು ಹೋಗಿರು, ನಾಳೆ ಬರ್ತೀನಿ ಅಂತ ಇವರು ಕಂಪ್ಯೂಟರ್ ಮುಂದೆ ಕೂತ್ರು. ಬೆರಳಿಗಿಂತ ದೊಡ್ಡ ಕೆಲಸ ಏನಪ್ಪ ಅಂದ್ಕೊಂಡೆ." ಅವಳು ತಟ್ಟೆಯನ್ನು ಮೇಜಿನ ಮೇಲಿಟ್ಟಳು. ಲೋಟಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. "ಬರೋವಾಗ ಹಣ್ಣು ತಂದ್ರು."

ಭಾವ ಅವಳ ಹೆಸರು ಹಿಡಿದು ಒಮ್ಮೆ ಕರೆದರು. ಅವಳು ಅವರ ಕಡೆ ನೋಡಲಿಲ್ಲ. ಈಗ ಬಯ್ಯಬೇಕು, ಕೂಡಿಟ್ಟದ್ದನ್ನೆಲ್ಲ ಈಗ ಹೇಳಬೇಕು ಎಂದು ನಾನು ಎದ್ದು ನಿಂತೆ.

"ಸಣ್ಣಕ್ಕಾ, ಕೂತ್ಕೋ. ಮುಂದಿನ ಪುಟಕ್ಕೆ ಹೋಗು," ಎಂದ ತಮ್ಮ.

ಅವನು ನಮ್ಮ ಯಾರ ಮಾತನ್ನೂ ಕೇಳುತ್ತಿರಲಿಲ್ಲ. ಅವನ ಕಣ್ಣು ಪರದೆಯ ಮೇಲೇ ಇತ್ತು. "ಕೆಳಗೆ ಇನ್ನೊಂದು ಕೆಂಪು ಹೋಯ್ತು. ನಿಧಾನಕ್ಕೆ ಹೋಗು."

ಹೋದೆ. ಇತ್ತು. ಇನ್ನೂ ಮುಂದೆ ಮತ್ತೊಂದಿತ್ತು, ಒಂದೊಂದಕ್ಕೂ ಬೇರೆ ಬೇರೆ ಹೊಸ ಹೆಸರು. ಭಾವ ಒಂದು ಟ್ಯಾಗಿಗೆ ಮಾತ್ರ ಪೆಟ್ಟಿಗೆ ಮಾಡಿ, ಬುಟ್ಟಿಯನ್ನು ಇದ್ದಲ್ಲೇ ಬಿಟ್ಟಿದ್ದರು. ಇನ್ಮೇಲೆ ಯಾರಿಗೂ ಆಗಲ್ಲ ಎಂದಿದ್ದರಲ್ಲ! ತನ್ನ ತಲೆ ಉಳಿಸಿಕೊಳ್ಳುವುದಕ್ಕೆ ಎಷ್ಟು ಬೇಕೋ ಅಷ್ಟು ಮಾಡಿ ಎದ್ದಿದ್ದರು. ಮಿಕ್ಕ ಮಾತುಗಳು ಈಗಲೂ ಯಾರ ಟ್ಯಾಬಿನಲ್ಲೂ ಇರಲಿಲ್ಲ.

ತಮ್ಮ ಪರದೆಯ ಹತ್ತಿರ ಹೋಗಿ ನಿಂತ. ಲಿಫ್ಟಿನ ತಳದ ಗುಂಡಿಗೆ ಇಳಿಯುವ ಅಧ್ಯಾಯ ಅದು. ಅವನು ತುಟಿ ಅಲುಗಿಸಿ ಓದಿಕೊಂಡ. ಆಮೇಲೆ ಎಡಗೈಯಿಂದ ಬಲಗಡೆಯ ಜೇಬಿನೊಳಗಿನ ಫೋನ್ ತೆಗೆಯಲು ಹೋಗಿ, ಆಗದೆ, ಒದ್ದಾಡಿದ. "ಇವತ್ತು ಸೋಮವಾರ. ನನ್ನ ಜೊತೆಗಾರ ಹೊಸ ಮಾಡೆಲ್‌ನ ಗುಂಡಿ ಕ್ಲೀನಿಂಗ್‌ಗೆ ಹೋಗಿರ್ತಾನೆ. ಯಾರಾದ್ರೂ ಫೋನ್ ತೆಗೀರಿ!"

"ಒಂದು ನಿಮಿಷ," ಎಂದು ಭಾವ ಎದ್ದರು. "ಹೀಗೆ ಎಲ್ಲರಿಗೂ ಗಾಬರಿ ಹುಟ್ಟಿಸಬೇಡಿ. ಮೊದಲು ನಾವು ಮಾತಾಡ್ಕೊಂಡು..."

ದೊಡ್ಡಕ್ಕ ಅವರನ್ನು ದಾಟಿಕೊಂಡು ಬಂದು ತಮ್ಮನ ಜೇಬಿಗೆ ಕೈ ಹಾಕಿ ಫೋನ್ ತೆಗೆದಳು. "ನಂಬರ್ ಹೇಳು."

ಅವನು ಹೇಳಿದ. ಅವಳು ಒತ್ತಿದಳು, ಸ್ಪೀಕರ್ ಹಾಕಿ ಅವನ ಬಾಯಿಯ ಹತ್ತಿರ ಹಿಡಿದಳು. ಫೋನ್ ರಿಂಗಾಯಿತು, ನಿಂತಿತು. ಮತ್ತೆ ಮಾಡಿದಳು. ಮೇಡಂ ಆಗಲೇ ಇನ್ನೊಂದು ಫೋನಿನಲ್ಲಿ ಯಾರಿಗೋ ಹೊಸ ಮಾದರಿಯ ಕೆಲಸವನ್ನೆಲ್ಲ ನಿಲ್ಲಿಸಿ ಎಂದು ಹೇಳುತ್ತ ಕಿಟಕಿಯ ಕಡೆ ಹೋಗಿದ್ದರು.

"ಏನ್ ಮೇಷ್ಟ್ರೇ!" ದನಿ ಆಳದಿಂದ ಬಂದ ಹಾಗೆ ಗುಂಯ್ಗುಟ್ಟಿತು. "ಕೈ ಹೆಂಗಿದೆ? ಆಮೇಲೆ ಮಾಡ್ಲಾ? ಏಣಿ ಮೇಲಿದೀನಿ, ಕೆಳಗಿಳೀತಾ ಇದೀನಿ."

"ಇಳೀಬೇಡ. ಇದ್ದಲ್ಲೇ ಇರು. ಕೇಳಿಸ್ಕೋ."

"ಏನು, ಫೋನಲ್ಲೂ ಪಾಠ ಶುರುವಾ?"

ತಮ್ಮ ಪರದೆಯ ಕಡೆ ತಿರುಗಿ, ಮೋಟರಿನ ಪಕ್ಕ ನಿಂತು ಓದುವ ಹಾಗೆಯೇ, ಒಂದೊಂದೇ ಪದವಾಗಿ ಗಟ್ಟಿಯಾಗಿ ಓದಿದ. "ಗುಂಡಿಗೆ ಇಳಿಯುವ ಮೊದಲು ಎರಡೂ ಸ್ವಿಚ್ಚುಗಳನ್ನು ಆರಿಸಿ. ಈ ಮಾದರಿಯಲ್ಲಿ ಬಾಗಿಲ ಬಳಿಯ ಸ್ವಿಚ್ಚೊಂದನ್ನೇ ಆರಿಸಿದರೆ ಲಿಫ್ಟ್ ನಿಲ್ಲುವುದಿಲ್ಲ."

ಆ ಕಡೆಯಿಂದ ಏಣಿಯ ಮೇಲೆ ಬೂಟಿನ ಸದ್ದು ಕೇಳಿಸಿತು, ಬೇಗ ಬೇಗ ಹತ್ತುವ ಸದ್ದು. ಆಮೇಲೆ ಏದುಸಿರು. ಆಮೇಲೆ ಆ ಹುಡುಗಾಟದ ಗಂಟಲಲ್ಲಿ ಹುಡುಗಾಟವೇ ಇರಲಿಲ್ಲ. "ಒಂದೇ ಆರಿಸಿದ್ದೆ ಮೇಷ್ಟ್ರೇ. ಪುಸ್ತಕದಲ್ಲಿ ಒಂದೇ ಇದೆ."

"ಪುಸ್ತಕದಲ್ಲಿ ಇಲ್ಲ. ಗೊತ್ತು. ನೀನು ಮೇಲೆ ಬಂದ್ಯಾ?"

"ಬಂದೆ."

ತಮ್ಮ ಕುರ್ಚಿಗೆ ಕುಸಿದು ಕೂತ. ಭಾವ ಬೋರ್ಡಿನ ಕೆಳಗೆ ನಿಂತೇ ಇದ್ದರು. ನನ್ನ ಬಾಯಲ್ಲಿ ತುಂಬಿಕೊಂಡಿದ್ದ ಬೈಗುಳವೆಲ್ಲ ಹಾಗೇ ಇತ್ತು, ಇವತ್ತಿಗೂ ಇದೆ. ಆದರೆ ಆಗ ಅದಕ್ಕೆ ಯಾರಿಗೂ ಪುರಸೊತ್ತಿರಲಿಲ್ಲ, ಇದೇ ಕೈಪಿಡಿ ನಂಬಿ ಕೆಲಸಕ್ಕೆ ಹೋದ ಮೆಕ್ಯಾನಿಕ್‌ಗಳು ಇನ್ನೂ ಇದ್ದರು. ನಾನು ಮುಂದಿನ ಕೆಂಪು ಇರುವ ಪುಟಕ್ಕೆ ಹೋದೆ.

ದೊಡ್ಡಕ್ಕ ಮೂಗೊರೆಸಿಕೊಂಡು ಫೋನನ್ನು ಸರಿಯಾಗಿ ಹಿಡಿದುಕೊಂಡಳು.

"ಮುಂದಿನ ನಂಬರ್ ಹೇಳೋ," ಎಂದಳು.